ಬಿರುಕು ಹುಟ್ಟಿದ್ದು ಯಾವಾಗ? ಸೆರಾಮಿಕ್ ಮತ್ತು ಗಾಜಿನ ಮಾದರಿಗಳಿಗೆ ದೋಷ ನಿವಾರಣೆ ಕೈಪಿಡಿ

ಕುಲುಮೆ ತಣ್ಣಗಾದ ಮೇಲೆ ಬಾಗಿಲು ತೆಗೆಯುತ್ತೀರಿ. ಪುಡಿ ಒತ್ತಿ ಮಾಡಿದ ಹತ್ತು ಬಿಲ್ಲೆ ಇಟ್ಟಿದ್ದರೆ ಆರು ಸೀಳಿವೆ. ಆಗ ನಮ್ಮಲ್ಲಿ ಬಹುತೇಕರ ಕೈ ಮೊದಲು ಹೋಗುವುದು ಕುಲುಮೆಯ ಕಂಟ್ರೋಲರ್ ಕಡೆಗೆ. ನಿಮಿಷಕ್ಕೆ 5 ಡಿಗ್ರಿ ಏರುತ್ತಿದ್ದುದನ್ನು 2ಕ್ಕೆ ಇಳಿಸುತ್ತೇವೆ. ಮತ್ತೆ ಸೀಳಿದರೆ 1ಕ್ಕೆ. ಒಂದು ಸುತ್ತು ಮುಗಿಯಲು ಎರಡು ದಿನ ಹಿಡಿಯುತ್ತದೆ, ಬಿಲ್ಲೆಗಳು ಮಾತ್ರ ಸೀಳುತ್ತಲೇ ಇರುತ್ತವೆ.

ಇದನ್ನು ನಾನೂ ಮಾಡಿದ್ದೇನೆ. ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಬಿಲ್ಲೆಗಳ ಒಂದು ಸರಣಿಗಾಗಿ ಮೂರು ವಾರ ಬಿಸಿ ಏರಿಸುವ ವೇಗದ ಜೊತೆಗೇ ಗುದ್ದಾಡಿದೆ. ಕೊನೆಗೊಂದು ದಿನ, ಪುಡಿ ಒತ್ತುವ ಅಚ್ಚಿನಿಂದ, ಅಂದರೆ ಡೈಯಿಂದ, ಆಗಷ್ಟೇ ಹೊರಬಂದ, ಇನ್ನೂ ಸುಡದ ಹಸಿ ಬಿಲ್ಲೆಯ ಅಂಚಿಗೆ ಕೈ ಜಾರಿ ಆಲ್ಕೋಹಾಲ್ ಚೆಲ್ಲಿತು. ಅದು ಆರುತ್ತಾ ಬಂದಂತೆ ಅಂಚಿನ ಸುತ್ತ ಕೂದಲೆಳೆಯಂಥ ಒದ್ದೆ ಗೆರೆಯೊಂದು ಉಳಿಯಿತು. ಕುಲುಮೆಯ ಮುಖ ನೋಡುವ ಮೊದಲೇ ಬಿಲ್ಲೆ ಬಿರಿದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಗಿತ್ತು ನನ್ನ ಕಥೆ.

ಅಂದಿನಿಂದ ಒಡೆದ ಮಾದರಿ ಕೈಗೆ ಬಂದಾಗ ಮೊದಲು 'ಏಕೆ' ಎಂದು ಕೇಳುವುದನ್ನು ಬಿಟ್ಟಿದ್ದೇನೆ. 'ಯಾವಾಗ' ಎಂದು ಕೇಳುತ್ತೇನೆ. ಹುಟ್ಟಿದ ಹೊತ್ತು ಗೊತ್ತಾದರೆ ಕಾರಣಗಳ ಪಟ್ಟಿ ಎರಡು ಮೂರಕ್ಕೆ ಇಳಿಯುತ್ತದೆ. ಈ ಕೈಪಿಡಿಯೂ ಅದೇ ಕ್ರಮದಲ್ಲಿದೆ: ಒತ್ತುವ ಹಂತದಿಂದ ಶುರುವಾಗಿ, ತಯಾರಾದ ವಸ್ತು ಕಪಾಟಿನಲ್ಲಿ ಕುಳಿತಿರುವ ದಿನಗಳವರೆಗೆ.

ಚೂರುಗಳನ್ನು ಬಿಸಾಡುವ ಮೊದಲು

ಒಡೆದ ಎರಡು ಚೂರುಗಳನ್ನು ಮತ್ತೆ ಜೋಡಿಸಿ ನೋಡಬೇಕು ಅನ್ನಿಸುವುದು ಸಹಜ. ದಯವಿಟ್ಟು ಬೇಡ. ಒಡೆದ ಮುಖಗಳು ಒಂದಕ್ಕೊಂದು ಉಜ್ಜಿದರೆ ಅಲ್ಲಿರುವ ಗುರುತುಗಳು ಅಳಿಸಿಹೋಗುತ್ತವೆ, ಮತ್ತು ಆ ಗುರುತುಗಳೇ ನಮ್ಮ ಸಾಕ್ಷಿ. ಚೂರುಗಳನ್ನು ಬೇರೆ ಬೇರೆ ಪೊಟ್ಟಣದಲ್ಲಿಡಿ. ಎತ್ತುವ ಮುಂಚೆ, ಕುಲುಮೆಯೊಳಗೆ ಅವು ಇದ್ದ ಹಾಗೆಯೇ ಒಂದು ಫೋಟೋ ತೆಗೆಯಿರಿ. ಬಾಗಿಲ ಪಕ್ಕದವು ಮಾತ್ರ ಸೀಳಿವೆಯೇ, ಹಿಂದಿನ ಸಾಲಿನವೂ ಸೀಳಿವೆಯೇ ಎಂಬುದು ಆಮೇಲೆ ಯಾರ ನೆನಪಿಗೂ ಬರುವುದಿಲ್ಲ.

ಬಿರುಕಿನ ವಯಸ್ಸು ಹೇಳುವ ಗುರುತುಗಳು ಮೂರು.

ಒಂದು, ಅಗಲ. ಹಸಿ ಬಿಲ್ಲೆಯಲ್ಲೇ ಹುಟ್ಟಿದ ಬಿರುಕು ಸಿಂಟರಿಂಗ್ ವೇಳೆ, ಅಂದರೆ ಪುಡಿಯ ಕಣಗಳು ಬಿಸಿಗೆ ಬೆಸೆದು ಗಟ್ಟಿಯಾಗುವಾಗ, ಸಾಮಾನ್ಯವಾಗಿ ಬಾಯಿ ತೆರೆಯುತ್ತದೆ. ಸುತ್ತಲಿನ ವಸ್ತು ಕುಗ್ಗುತ್ತಾ ತನ್ನ ತನ್ನ ಕಡೆಗೆ ಸರಿಯುವುದರಿಂದ ನಡುವಿನ ಸಂದು ಹಿಗ್ಗುತ್ತದೆ. ತಣಿಯುವಾಗ ಹುಟ್ಟಿದ್ದು ಕೂದಲೆಳೆಯ ಹಾಗೆ ಬಿಗಿಯಾಗಿಯೇ ಉಳಿಯುತ್ತದೆ.

ಎರಡು, ಅಂಚು. ಹಳೆಯ ಬಿರುಕಿನ ಅಂಚು ಮೊಂಡಾಗಿ ದುಂಡಗಾಗಿರುತ್ತದೆ. ಹೊಸದರ ಅಂಚು ಚೂಪಾಗಿ ಬೆರಳಿಗೆ ತಾಗುತ್ತದೆ. ಮೆರುಗು (ಗ್ಲೇಜ್ ಎಂಬ ಗಾಜಿನಂಥ ಲೇಪ) ಹಚ್ಚಿದ ವಸ್ತುವಾದರೆ ಇನ್ನೂ ಸುಲಭ. ಕರಗಿದ ಮೆರುಗು ಬಿರುಕಿನೊಳಗೆ ಇಳಿದಿದ್ದರೆ ಮೆರುಗು ಕರಗುವ ಮೊದಲೇ ಬಿರುಕು ಇತ್ತು ಎಂದರ್ಥ. ಮೆರುಗನ್ನೂ ಕತ್ತರಿಸಿಕೊಂಡು ಹೋಗಿದ್ದರೆ ಅದು ಗಟ್ಟಿಯಾದ ಮೇಲೆ ಹುಟ್ಟಿದ್ದು.

ಮೂರನೆಯದು ಸೂಕ್ಷ್ಮದರ್ಶಕದ ಕೆಲಸ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇದ್ದರೆ ಇಷ್ಟು ಖಚಿತವಾದ ಸಾಕ್ಷಿ ಬೇರೊಂದಿಲ್ಲ. ಸಿಂಟರಿಂಗ್‌ಗೆ ಮೊದಲೇ ಇದ್ದ ಬಿರುಕಿನ ಗೋಡೆಯ ಮೇಲೆ ಹರಳುಗಳು ನುಣುಪಾಗಿ, ದುಂಡಗೆ, ನಡುವೆ ಸಣ್ಣ ಕಾಲುವೆಗಳೊಂದಿಗೆ ಕಾಣುತ್ತವೆ. ಆ ಗೋಡೆ ಉರಿಯುವ ಹೊತ್ತಿನಲ್ಲಿ ಹೊರಮೈ ಆಗಿಯೇ ಇತ್ತಲ್ಲ, ಹರಳುಗಳು ಅಲ್ಲಿ ಬಯಲಿಗೆ ಬೆಳೆದಿರುತ್ತವೆ. ಸಿಂಟರಿಂಗ್ ನಂತರ ಒಡೆದ ಮುಖದಲ್ಲಾದರೆ ಹರಳುಗಳೇ ಸೀಳಿರುತ್ತವೆ, ಇಲ್ಲವೇ ಸಂದಿನಲ್ಲಿ ಕಿತ್ತುಕೊಂಡು ಬಂದಿರುತ್ತವೆ. ಒಮ್ಮೆ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದವರಿಗೆ ಮತ್ತೆ ಗೊಂದಲ ಆಗುವುದಿಲ್ಲ.

ಆ ಯಂತ್ರ ಕೈಗೆಟುಕದಿದ್ದರೆ ಹಂತಹಂತವಾಗಿ ನಿಲ್ಲಿಸಿ ನೋಡಿ. ಒಂದೇ ಪುಡಿಯಿಂದ ಒಂಬತ್ತು ಬಿಲ್ಲೆ ಒತ್ತಿ. ಮೂರನ್ನು ಹಸಿಯಾಗಿಯೇ ಪರೀಕ್ಷಿಸಿ. ಮೂರನ್ನು ಬೈಂಡರ್ (ಪುಡಿಯನ್ನು ಹಿಡಿದಿಡುವ ಅಂಟು) ಸುಟ್ಟ ಮೇಲೆ, ಕೈಯಲ್ಲಿ ಹಿಡಿಯುವಷ್ಟು ಗಟ್ಟಿಯಾಗಲು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೆ ಸುಟ್ಟು ತೆಗೆಯಿರಿ. ಉಳಿದ ಮೂರನ್ನು ಪೂರ್ತಿ ಮುಗಿಸಿ. ಪ್ರತಿ ಹಂತದಲ್ಲೂ ಆಲ್ಕೋಹಾಲ್‌ನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಓರೆ ಬೆಳಕಿನಲ್ಲಿ ಆರುವುದನ್ನು ಗಮನಿಸಿ. ಮೇಲ್ಮೈ ಆರಿದರೂ ಬಿರುಕು ಕುಡಿದ ದ್ರವ ತಡವಾಗಿ ಆರುತ್ತದೆ, ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಹಸಿ ಬಿಲ್ಲೆಗೆ ನೀರು ಬಳಸಬೇಡಿ. ಪಾಲಿವಿನೈಲ್ ಆಲ್ಕೋಹಾಲ್ ಬೈಂಡರ್ ನೀರಿನಲ್ಲಿ ಮೆತ್ತಗಾಗಿ ನೀವೇ ಹೊಸ ದೋಷ ಹುಟ್ಟಿಸಿದಂತಾಗುತ್ತದೆ.

ಒತ್ತುವಾಗ ಹುಟ್ಟಿದ್ದು

ನಾನು ನೋಡಿದ ಒಡಕುಗಳಲ್ಲಿ ಹೆಚ್ಚಿನವು ಇಲ್ಲಿಯವೇ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಬಿಲ್ಲೆಯ ಮೇಲ್ಭಾಗ ಟೋಪಿಯ ಹಾಗೆ ಕಳಚಿಕೊಂಡಿದ್ದರೆ, ಅಥವಾ ಅಂಚಿನ ಸುತ್ತ ಮೇಲ್ಮೈಗೆ ಸಮಾಂತರವಾಗಿ ಬಿರುಕು ಓಡಿದ್ದರೆ, ಅದು ಡೈಯಿಂದ ಹೊರಬರುವಾಗ ಆದದ್ದು. ಒತ್ತಡದಲ್ಲಿದ್ದ ಪುಡಿಗೂ ಸ್ಪ್ರಿಂಗ್‌ನ ಗುಣವಿದೆ. ಬಿಟ್ಟ ಕೂಡಲೇ ಅದು ತುಸು ಹಿಗ್ಗುತ್ತದೆ. ಬಿಲ್ಲೆ ಅರ್ಧ ಹೊರಗೆ, ಅರ್ಧ ಡೈಯೊಳಗೆ ಇರುವ ಕ್ಷಣದಲ್ಲಿ ಹೊರಗಿನ ಭಾಗ ಹಿಗ್ಗಿದೆ, ಒಳಗಿನ ಭಾಗವನ್ನು ಗೋಡೆ ಇನ್ನೂ ಹಿಡಿದಿದೆ. ಆ ಎರಡರ ಗಡಿಯಲ್ಲಿ ಪದರ ಕಳಚುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಬಿಲ್ಲೆ ಒಡೆಯುತ್ತಿದೆ ಎಂದರೆ ಗಟ್ಟಿ ಸಾಲದು, ಇನ್ನಷ್ಟು ಒತ್ತೋಣ ಎಂದುಕೊಳ್ಳುತ್ತೇವೆ. ಒತ್ತಡ ಹೆಚ್ಚಿದಷ್ಟೂ ಹಿಗ್ಗುವಿಕೆಯೂ ಹೆಚ್ಚು, ಟೋಪಿ ಇನ್ನೂ ಬೇಗ ಕಳಚುತ್ತದೆ. ಮಾಡಬೇಕಾದ್ದು ತಿರುಗಾಮುರುಗಾ. 200 ಮೆಗಾಪ್ಯಾಸ್ಕಲ್‌ನಲ್ಲಿ ಒತ್ತುತ್ತಿದ್ದರೆ 100ಕ್ಕೆ ಇಳಿಸಿ ನೋಡಿ. ಗೇಜಿನ ಮುಳ್ಳನ್ನು ಒಮ್ಮೆಲೇ ಬೀಳಿಸದೆ ನಿಧಾನವಾಗಿ ಸೊನ್ನೆಗೆ ತನ್ನಿ. ಡೈ ಗೋಡೆಗೆ ಸ್ಟಿಯರಿಕ್ ಆಮ್ಲದ ತೆಳು ಲೇಪ ಕೊಡಿ. ಹೊರತೆಗೆಯುವಾಗ ಮೇಲಿನ ಪಂಚ್ (ಪುಡಿಯನ್ನು ಒತ್ತುವ ಲೋಹದ ದಂಡ) ತನ್ನ ಭಾರದಿಂದ ಬಿಲ್ಲೆಯನ್ನು ಹಿಡಿದೇ ಇರಲಿ. ಡೈಯ ಬಾಯಿಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಡಿಸಿದರೆ ಎಲ್ಲಕ್ಕಿಂತ ಒಳ್ಳೆಯದು, ಬಿಲ್ಲೆ ಒಮ್ಮೆಲೇ ಹಿಗ್ಗದೆ ಸ್ವಲ್ಪಸ್ವಲ್ಪವಾಗಿ ಹಿಗ್ಗುತ್ತದೆ. ಪುಡಿಯೊಳಗೆ ಸಿಕ್ಕಿಬಿದ್ದ ಗಾಳಿಯೂ ಇಂಥದೇ ಪದರ ಎಬ್ಬಿಸುತ್ತದೆ. ಅದಕ್ಕೆ ಮೊದಲು ಸಣ್ಣದಾಗಿ ಒತ್ತಿ, ಬಿಟ್ಟು, ಮತ್ತೆ ಪೂರ್ತಿ ಒತ್ತಿ.

ಎರಡನೆಯದು ಗೋಡೆಯ ಘರ್ಷಣೆ. ಒಂದೇ ಕಡೆಯಿಂದ ಒತ್ತಿದಾಗ ಪಂಚ್ ಬಳಿಯ ಪುಡಿ ಹೆಚ್ಚು ಒತ್ತುತ್ತದೆ, ದೂರದ್ದು ಸಡಿಲವಾಗಿ ಉಳಿಯುತ್ತದೆ. ಸಡಿಲವಾದ ಭಾಗ ಸಿಂಟರಿಂಗ್‌ನಲ್ಲಿ ಹೆಚ್ಚು ಕುಗ್ಗುತ್ತದೆ. ಇದನ್ನು ಹಿಡಿಯಲು ಒಂದು ವರ್ನಿಯರ್ ಕ್ಯಾಲಿಪರ್ ಸಾಕು. ಸಿಂಟರ್ ಆದ ಬಿಲ್ಲೆಯ ವ್ಯಾಸವನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಇದ್ದರೆ ಒಂದೇ ಕಡೆಯ ಒತ್ತಡದ ಗುರುತು. ಎರಡೂ ತುದಿ ದಪ್ಪ, ಸೊಂಟ ಸಣ್ಣ, ಡಮರುವಿನ ಹಾಗಿದ್ದರೆ ಎರಡು ಕಡೆಯಿಂದ ಒತ್ತಿದ್ದೀರಿ, ಆದರೆ ಎತ್ತರ ಹೆಚ್ಚಾಯಿತು. ಎತ್ತರ ವ್ಯಾಸದ ಅರ್ಧ ದಾಟದಂತೆ ನೋಡಿಕೊಳ್ಳುವುದು ನನ್ನ ರೂಢಿ. ಅದಕ್ಕಿಂತ ಉದ್ದ ಬೇಕಾದರೆ ರಬ್ಬರ್ ಚೀಲದಲ್ಲಿಟ್ಟು ದ್ರವದೊಳಗೆ ಎಲ್ಲ ಕಡೆಯಿಂದಲೂ ಒತ್ತುವ ದಾರಿಯಿದೆ.

ಕೆಲವು ದೋಷಗಳು ಋತುವಿನೊಂದಿಗೆ ಬಂದು ಹೋಗುತ್ತವೆ. ಅದೇ ಪುಡಿ, ಅದೇ ಡೈ, ಅದೇ ಒತ್ತಡ, ಆದರೂ ಒಣಹವೆಯ ದಿನಗಳಲ್ಲಿ ಸಾಂದ್ರತೆ ಕಡಿಮೆ. ಕಾರಣ ಬೈಂಡರ್. ಪಾಲಿವಿನೈಲ್ ಆಲ್ಕೋಹಾಲ್‌ಗೆ ಗಾಳಿಯ ತೇವವೇ ಮೆದುಕಾರಕ. ಗಾಳಿ ಒಣಗಿದಾಗ ಪುಡಿಯ ಗುಳಿಗೆಗಳು ಗಟ್ಟಿಯಾಗುತ್ತವೆ, ಒತ್ತಿದರೂ ನುಗ್ಗಾಗುವುದಿಲ್ಲ. ಗುಳಿಗೆಗಳ ನಡುವಿನ ಖಾಲಿ ಜಾಗ ಹಾಗೇ ಉಳಿದು ಸಿಂಟರಿಂಗ್ ನಂತರವೂ ಮೂರು ಮೂಲೆಯ ರಂಧ್ರಗಳಾಗಿ ಕಾಣುತ್ತದೆ. ಹಸಿ ಬಿಲ್ಲೆಯನ್ನು ಮುರಿದು ಭೂತಗನ್ನಡಿಯಲ್ಲಿ ನೋಡಿ: ಗುಳಿಗೆಗಳು ಒಂದೊಂದಾಗಿ ಎಣಿಸುವಂತಿದ್ದರೆ ಇದೇ ರೋಗ. ಪುಡಿಯನ್ನು ಒಂದು ರಾತ್ರಿ ತೇವವಿರುವ ಮುಚ್ಚಿದ ಡಬ್ಬಿಯಲ್ಲಿಡಿ, ಅಥವಾ ಬೈಂಡರ್ ಜೊತೆಗೆ ಸ್ವಲ್ಪ ಪಾಲಿಎಥಿಲೀನ್ ಗ್ಲೈಕಾಲ್ ಸೇರಿಸಿ. ಮಾದರಿಗಳ ನೋಟ್‌ಬುಕ್ಕಿನಲ್ಲಿ ಕೋಣೆಯ ತೇವಾಂಶಕ್ಕೂ ಒಂದು ಕಾಲಂ ಇರಲಿ. ಪುಡಿಯ ಬ್ಯಾಚ್ ಸಂಖ್ಯೆ ಬರೆಯುವವರು ಇದನ್ನು ಮಾತ್ರ ಏಕೆ ಬಿಡುತ್ತಾರೋ!

ಬೈಂಡರ್ ಸುಡುವಾಗ ಹುಟ್ಟಿದ್ದು

ಬೈಂಡರ್ ಹೆಚ್ಚಾಗಿ 200ರಿಂದ 500 ಡಿಗ್ರಿಯ ನಡುವೆ ಅನಿಲವಾಗಿ ಹೊರಬರುತ್ತದೆ. ಹೊರಡುವ ದಾರಿಗಿಂತ ಹುಟ್ಟುವ ಅನಿಲ ಹೆಚ್ಚಾದರೆ ಬಿಲ್ಲೆ ಉಬ್ಬುತ್ತದೆ, ಗುಳ್ಳೆ ಏಳುತ್ತದೆ, ಇಲ್ಲವೇ ನಡು ದಪ್ಪದಲ್ಲಿ ಅಡ್ಡಾದಿಡ್ಡಿ ಸೀಳುತ್ತದೆ. ಟೋಪಿ ಕಳಚುವ ಬಿರುಕಿಗೂ ಇದಕ್ಕೂ ವ್ಯತ್ಯಾಸ ಇಲ್ಲಿದೆ: ಅದು ಅಂಚಿನಿಂದ ಒಳಕ್ಕೆ ಹೋಗುತ್ತದೆ, ಇದು ಒಡಲಿನಿಂದ ಹೊರಕ್ಕೆ ಬರುತ್ತದೆ. ಮುರಿದು ನೋಡಿದಾಗ ನಡುವೆ ಬೂದು ಅಥವಾ ಕಪ್ಪು ತಿರುಳಿದ್ದರೆ ಇಂಗಾಲ ಪೂರ್ತಿ ಸುಟ್ಟಿಲ್ಲ. ಗಾಳಿ ಸಾಲದು, ಸಮಯವೂ ಸಾಲದು.

ಬಿಸಿ ಏರಿಸುವ ವೇಗ ನಿಜವಾಗಿ ಲೆಕ್ಕಕ್ಕೆ ಬರುವುದು ಈ ಹಂತದಲ್ಲಿ. ಅದೂ 600 ಡಿಗ್ರಿಯವರೆಗೆ ಮಾತ್ರ. ಅಲ್ಲಿಯವರೆಗೆ ನಿಮಿಷಕ್ಕೆ 1 ಡಿಗ್ರಿ ಅಥವಾ ಅದಕ್ಕಿಂತ ನಿಧಾನ, ಆಮೇಲೆ ವೇಗ ಹೆಚ್ಚಿಸಬಹುದು. ಇಡೀ ಸುತ್ತನ್ನೇ ನಿಧಾನ ಮಾಡುವುದು ವಿದ್ಯುತ್ತಿಗೂ ದಂಡ, ಹರಳುಗಳು ಸುಮ್ಮನೆ ಬೆಳೆಯಲೂ ಅವಕಾಶ. ದಪ್ಪದ ಲೆಕ್ಕ ಮರೆಯಬೇಡಿ. ಅನಿಲ ಹೊರಬರಲು ಬೇಕಾದ ಸಮಯ ಸರಿಸುಮಾರು ದಪ್ಪದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 2 ಮಿಲಿಮೀಟರ್ ಬಿಲ್ಲೆಗೆ ಚೆನ್ನಾಗಿ ಒಗ್ಗಿದ ವೇಳಾಪಟ್ಟಿಯನ್ನು 6 ಮಿಲಿಮೀಟರ್ ಬಿಲ್ಲೆಗೆ ಹಾಕಿದರೆ ಒಂಬತ್ತು ಪಟ್ಟು ಕಷ್ಟ ಕೊಟ್ಟಂತೆ. ಬಿಸಿ ಮಾಡುತ್ತಲೇ ತೂಕ ಅಳೆಯುವ ಥರ್ಮೋಗ್ರಾವಿಮೆಟ್ರಿ ಸೌಲಭ್ಯ ಇದ್ದರೆ ತೂಕ ಕಡಿದಾಗಿ ಇಳಿಯುವ ತಾಪ ಯಾವುದೆಂದು ನೋಡಿ, ಅಲ್ಲೇ ಒಂದೆರಡು ಗಂಟೆ ತಡೆದು ನಿಲ್ಲಿಸಿ.

ಬಿರುಕಿಲ್ಲ, ಆದರೆ ಸಾಂದ್ರತೆ ಬಂದಿಲ್ಲ

ಬಿರುಕಿನ ಕೈಪಿಡಿಯಲ್ಲಿ ಇದೇಕೆ ಎನ್ನಬಹುದು. ಎರಡೂ ದೋಷಗಳ ಬೇರು ಎಷ್ಟೋ ಸಲ ಒಂದೇ.

ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿಡಿ. ಹಸಿ ಬಿಲ್ಲೆ, ರಂಧ್ರವೇ ಇಲ್ಲದಾಗ ಇರಬೇಕಾದ ಸೈದ್ಧಾಂತಿಕ ಸಾಂದ್ರತೆಯ ಶೇ. 55 ಇದ್ದು, ಮುಗಿದಾಗ ಶೇ. 98 ತಲುಪಬೇಕಾದರೆ ಗಾತ್ರ 0.56 ಪಟ್ಟಾಗುತ್ತದೆ. ಅದರ ಘನಮೂಲ 0.825. ಅಂದರೆ ವ್ಯಾಸ ಶೇ. 17.5ರಷ್ಟು ಕುಗ್ಗಬೇಕು. ನಿಮ್ಮದು ಶೇ. 12 ಮಾತ್ರ ಕುಗ್ಗಿದೆ ಎಂದಾದರೆ ತೂಕ ಮಾಡುವ ಮೊದಲೇ ಉತ್ತರ ಸಿಕ್ಕಿತು.

ಆಮೇಲೆ ಆರ್ಕಿಮಿಡೀಸ್ ವಿಧಾನ. ಒಣ ತೂಕ, ನೀರಿನಲ್ಲಿ ಕುದಿಸಿ ತಣಿಸಿದ ಮೇಲೆ ನೀರೊಳಗೆ ತೂಗುಬಿಟ್ಟ ತೂಕ, ಹೊರತೆಗೆದು ಮೇಲ್ಮೈ ಒರೆಸಿದ ಒದ್ದೆ ತೂಕ, ಹೀಗೆ ಮೂರು. ಒಂದು ಅಲ್ಯುಮಿನಾ ಬಿಲ್ಲೆ ಕ್ರಮವಾಗಿ 5.000, 3.700, 5.020 ಗ್ರಾಂ ತೂಗಿತು ಎನ್ನೋಣ. ಒದ್ದೆ ತೂಕದಿಂದ ತೂಗು ತೂಕ ಕಳೆದರೆ 1.320. ಒಣ ತೂಕವನ್ನು ಅದರಿಂದ ಭಾಗಿಸಿ ನೀರಿನ ಸಾಂದ್ರತೆಯಿಂದ ಗುಣಿಸಿದರೆ ಬಿಲ್ಲೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3.78 ಗ್ರಾಂ. ಅಲ್ಯುಮಿನಾಕ್ಕೆ 3.98 ಇರಬೇಕಾದಲ್ಲಿ ಇದು ಶೇ. 95. ತೆರೆದ ರಂಧ್ರಗಳು 0.020ನ್ನು 1.320ರಿಂದ ಭಾಗಿಸಿದಷ್ಟು, ಅಂದರೆ ಶೇ. 1.5. ಉಳಿದ ಮೂರೂವರೆ ಶೇಕಡ ನೀರು ಹೊಕ್ಕದ ಮುಚ್ಚಿದ ರಂಧ್ರ.

ಬಹಳ ಜನ ಸಾಂದ್ರತೆ ಬರೆದುಕೊಂಡು ನಿಲ್ಲಿಸುತ್ತಾರೆ, ತೆರೆದ ಮತ್ತು ಮುಚ್ಚಿದ ರಂಧ್ರಗಳ ಲೆಕ್ಕ ಬೇರೆ ಮಾಡುವುದಿಲ್ಲ. ರೋಗ ಗೊತ್ತಾಗುವುದೇ ಅಲ್ಲಿ. ತೆರೆದ ರಂಧ್ರ ಹೆಚ್ಚಿದ್ದರೆ ತಾಪ ಅಥವಾ ಸಮಯ ಸಾಲದು, ಇಲ್ಲವೇ ಹಸಿ ಬಿಲ್ಲೆಯೇ ಸಡಿಲ. ಅಲ್ಲಿ ಇನ್ನಷ್ಟು ಬಿಸಿ ಕೊಟ್ಟರೆ ಕೆಲಸ ಆಗುತ್ತದೆ. ಮುಚ್ಚಿದ ರಂಧ್ರವೇ ಹೆಚ್ಚಿದ್ದರೆ ಅನಿಲ ಒಳಗೆ ಸಿಕ್ಕಿಬಿದ್ದಿದೆ, ಅಥವಾ ಹರಳುಗಳು ಆತುರದಿಂದ ಬೆಳೆದು ರಂಧ್ರಗಳನ್ನು ನುಂಗಿಬಿಟ್ಟಿವೆ. ಅಲ್ಲಿ ಬಿಸಿ ಹೆಚ್ಚಿಸಿದಷ್ಟೂ ಕೆಡುತ್ತದೆ. ಅಲ್ಯುಮಿನಾಕ್ಕೆ ಚಿಟಿಕೆಯಷ್ಟು ಮೆಗ್ನೀಷಿಯಾ (ಮೆಗ್ನೀಷಿಯಂ ಆಕ್ಸೈಡ್) ಸೇರಿಸುವುದು ಹರಳುಗಳ ಆ ಆತುರವನ್ನು ತಡೆಯಲೆಂದೇ.

ಇನ್ನೊಂದು ಮಾತು, ಕುಲುಮೆ 1600 ಎಂದು ತೋರಿಸಿದರೆ ಬಿಲ್ಲೆಗೂ 1600 ಸಿಕ್ಕಿತೆಂದು ನಂಬಬೇಡಿ. ತಾಪ ಅಳೆಯುವ ಥರ್ಮೋಕಪಲ್ ತುದಿ ಗೋಡೆಯ ಪಕ್ಕದಲ್ಲಿರುತ್ತದೆ, ಬಿಲ್ಲೆ ನಡುವೆ ಇರುತ್ತದೆ. ಅದರ ಪ್ಲಾಟಿನಂ ತಂತಿಯೂ ವರ್ಷಗಟ್ಟಲೆ ಬಿಸಿ ತಿಂದು, ಸಿಲಿಕಾದ ಆವಿಗೆ ಸಿಕ್ಕು ಸುಳ್ಳು ಹೇಳತೊಡಗುತ್ತದೆ. ಪರೀಕ್ಷೆ ಸರಳ: ಥರ್ಮೋಕಪಲ್‌ನ ಎರಡು ತಂತಿಗಳ ತುದಿಯನ್ನು ಶುದ್ಧ ಚಿನ್ನದ ಸಣ್ಣ ತುಂಡಿನಿಂದ ಜೋಡಿಸಿ ನಿಧಾನವಾಗಿ ಬಿಸಿ ಮಾಡಿ. 1064 ಡಿಗ್ರಿಯಲ್ಲಿ ಚಿನ್ನ ಕರಗಿ ಸಂಪರ್ಕ ಕಡಿಯುತ್ತದೆ. ಆ ಕ್ಷಣದಲ್ಲಿ ಓದಿದ ಅಂಕಿಗೂ 1064ಕ್ಕೂ ಇರುವ ಅಂತರವೇ ನಿಮ್ಮ ದೋಷ. ಅಷ್ಟು ಗೋಜು ಬೇಡವೆಂದರೆ ಬಿಲ್ಲೆಯ ಪಕ್ಕ ಒಂದು ಪೈರೋಮೆಟ್ರಿಕ್ ಕೋನ್ ಇಡಿ. ಜರ್ಮನ್ ರಸಾಯನಶಾಸ್ತ್ರಜ್ಞ ಹರ್ಮನ್ ಸೇಗರ್ 1886ರಲ್ಲಿ ರೂಪಿಸಿದ ಈ ಪುಟ್ಟ ಗೋಪುರ ತಾಪವನ್ನಷ್ಟೇ ಅಲ್ಲ, ಆ ತಾಪದಲ್ಲಿ ಕಳೆದ ಹೊತ್ತನ್ನೂ ಸೇರಿಸಿಕೊಂಡು ಬಾಗುತ್ತದೆ. ಬಿಲ್ಲೆಯೂ ಅನುಭವಿಸುವುದು ಅದನ್ನೇ.

ಕೆಳಮುಖ ಮಾತ್ರ ಅಗಲವಾಗಿ ಉಳಿದಿದ್ದರೆ, ಬುಡದಿಂದ ಮೇಲಕ್ಕೆ ಬಿರುಕಿದ್ದರೆ, ಬಿಲ್ಲೆ ತಾನು ಕುಳಿತ ತಟ್ಟೆಗೆ ಅಂಟಿ ಕುಗ್ಗಲಾರದೆ ಹೋಗಿದೆ. ಅದೇ ವಸ್ತುವಿನ ದಪ್ಪ ಪುಡಿಯನ್ನು ಕೆಳಗೆ ಹಾಸಿ, ಮುಗಿಯಿತು.

ತಣಿಯುವಾಗ ಹುಟ್ಟಿದ್ದು

ಚೂಪು ಅಂಚು, ಕೂದಲೆಳೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಉದ್ದಕ್ಕೆ ಓಡಿದ ಒಂದೋ ಎರಡೋ ಬಿರುಕು. ಇದು ತಣಿವಿನ ಸಹಿ. ಬಿಸಿಯಾಗುವಾಗ ಹೊರಮೈ ಹಿಗ್ಗಲು ಹೋಗಿ ಅದುಮಿಸಿಕೊಳ್ಳುತ್ತದೆ. ತಣಿಯುವಾಗ ಹೊರಮೈ ಕುಗ್ಗಲು ಹೋಗಿ ಎಳೆತಕ್ಕೆ ಸಿಕ್ಕುತ್ತದೆ. ಸೆರಾಮಿಕ್ ಎಷ್ಟು ಅದುಮಿದರೂ ತಡೆದುಕೊಳ್ಳುತ್ತದೆ, ಎಳೆತವನ್ನು ಸಹಿಸುವುದಿಲ್ಲ. ಹಾಗಾಗಿ ಗಟ್ಟಿಯಾದ ಸೆರಾಮಿಕ್ ಏರುವ ಬಿಸಿಗಿಂತ ಇಳಿಯುವ ಬಿಸಿಗೆ ಹೆಚ್ಚು ಒಡೆಯುತ್ತದೆ. ದಟ್ಟ ಅಲ್ಯುಮಿನಾ ತುಂಡನ್ನು ಬಿಸಿ ಮಾಡಿ ನೀರಿಗೆ ಹಾಕಿದರೆ, ಸುಮಾರು 200 ಡಿಗ್ರಿ ವ್ಯತ್ಯಾಸಕ್ಕೇ ಅದರ ಬಲ ಒಮ್ಮೆಲೇ ಕುಸಿಯುತ್ತದೆ.

ಮನೆಗೆ ಹೊರಡುವ ಅವಸರದಲ್ಲಿ 400 ಡಿಗ್ರಿಯಲ್ಲೇ ಬಾಗಿಲು ಸ್ವಲ್ಪ ತೆರೆದಿಟ್ಟವರು ತಮ್ಮೊಳಗೇ ಒಪ್ಪಿಕೊಂಡರೆ ಸಾಕು, ಬೇರೆ ಪರೀಕ್ಷೆ ಬೇಡ.

ವೇಗ ನಿಧಾನವಿದ್ದೂ ಒಡೆಯುತ್ತಿದ್ದರೆ ಹರಳು ರೂಪಾಂತರವನ್ನು ಅನುಮಾನಿಸಿ. ಮಣ್ಣಿನ ಮಿಶ್ರಣಗಳಲ್ಲಿ ಉಳಿದ ಕ್ವಾರ್ಟ್ಜ್ 573 ಡಿಗ್ರಿಯಲ್ಲಿ ರೂಪ ಬದಲಿಸಿ ಗಾತ್ರ ತಗ್ಗಿಸಿಕೊಳ್ಳುತ್ತದೆ. ಸಿಲಿಕಾದ ಇನ್ನೊಂದು ಹರಳು ರೂಪವಾದ ಕ್ರಿಸ್ಟೋಬಲೈಟ್ ಅದಕ್ಕಿಂತ ದೊಡ್ಡ ಜಿಗಿತವನ್ನು 220ರಿಂದ 270 ಡಿಗ್ರಿಯ ನಡುವೆ ಮಾಡುತ್ತದೆ. 'ಇನ್ನೇನು ತಣ್ಣಗಾಯಿತು' ಎಂದು ನಾವು ಬಾಗಿಲು ತೆರೆಯುವ ಹೊತ್ತೂ ಅದೇ. ಇಂಥ ಮಿಶ್ರಣ ಇದ್ದಾಗ 150ಕ್ಕೆ ಇಳಿಯುವವರೆಗೆ ಹಿಡಿಯನ್ನು ಮುಟ್ಟಬೇಡಿ.

ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಈ ವಿಷಯದಲ್ಲಿ ಎಲ್ಲರಿಗಿಂತ ಹಟಮಾರಿ. ಏನೂ ಬೆರೆಸದ ಜಿರ್ಕೋನಿಯಾ ತಣಿಯುವಾಗ 950 ಡಿಗ್ರಿಯ ಆಸುಪಾಸಿನಲ್ಲಿ ಟೆಟ್ರಾಗೊನಲ್ ಎಂಬ ಹರಳು ರೂಪ ಬಿಟ್ಟು ಮೊನೊಕ್ಲಿನಿಕ್ ಎಂಬ ಇನ್ನೊಂದು ರೂಪಕ್ಕೆ ಬದಲಾಗುತ್ತದೆ, ಗಾತ್ರ ಶೇ. 4–5ರಷ್ಟು ಹಿಗ್ಗುತ್ತದೆ, ತುಂಡು ಪುಡಿಪುಡಿಯಾಗುತ್ತದೆ. ಯಾವ ವೇಳಾಪಟ್ಟಿಯೂ ಇದನ್ನು ಉಳಿಸಲಾರದು. 3 ಮೋಲ್ ಶೇಕಡದಷ್ಟು ಇಟ್ರಿಯಾ (ಇಟ್ರಿಯಂ ಆಕ್ಸೈಡ್) ಬೆರೆಸಿದರೆ ಟೆಟ್ರಾಗೊನಲ್ ರೂಪ ಕೋಣೆಯ ತಾಪದವರೆಗೂ ಉಳಿಯುತ್ತದೆ. ಬೆರೆಸಿದ್ದರೂ ಒಡೆದಿದ್ದರೆ ಹರಳು ರೂಪ ಗುರುತಿಸುವ ಎಕ್ಸ್-ರೇ ಡಿಫ್ರಾಕ್ಷನ್ ತೆಗೆಸಿ. ಮೊನೊಕ್ಲಿನಿಕ್ ಶಿಖರಗಳು ಎದ್ದಿದ್ದರೆ ಇಟ್ರಿಯಾ ಸಮನಾಗಿ ಬೆರೆತಿಲ್ಲ, ಅಥವಾ ತಾಪ ಹೆಚ್ಚಾಗಿ ಹರಳುಗಳು ಅತಿಯಾಗಿ ಬೆಳೆದಿವೆ. ಎಚ್ಚರಿಕೆ, ಮಾದರಿಯನ್ನು ಅರೆದು ಪುಡಿ ಮಾಡಿ ಪರೀಕ್ಷೆಗೆ ಕೊಡಬೇಡಿ. ಅರೆಯುವ ಒತ್ತಡವೇ ರೂಪಾಂತರ ಮಾಡಿಸಿ, ಇಲ್ಲದ ರೋಗವನ್ನು ತೋರಿಸುತ್ತದೆ.

ಗಾಜಿನ ವಿಷಯ ಬೇರೆ

ಗಾಜಿಗೆ ಹರಳಿಲ್ಲ, ಸಂದಿಲ್ಲ. ಬಿರುಕು ಬರೆದದ್ದೆಲ್ಲ ಅಚ್ಚಳಿಯದೆ ಉಳಿಯುತ್ತದೆ. ದೋಷ ಪತ್ತೆಯವರಿಗೆ ಇಷ್ಟು ಪ್ರಾಮಾಣಿಕ ವಸ್ತು ಮತ್ತೊಂದಿಲ್ಲ.

ಮೊದಲು ಒಳಗಿನ ಬಿಗುವನ್ನು ನೋಡಿ. ಕಂಪ್ಯೂಟರಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರ ಮುಂದೆ ಗಾಜನ್ನು ಹಿಡಿದು, ಪೋಲರೈಸಿಂಗ್ ಹಾಳೆಯೊಂದರ ಮೂಲಕ ನೋಡಿ. ಪರದೆಯಿಂದ ಬರುವ ಬೆಳಕು ಮೊದಲೇ ಧ್ರುವೀಕರಣಗೊಂಡಿರುತ್ತದೆ. ಹಾಳೆಯನ್ನು ತಿರುಗಿಸಿ ಪರದೆ ಕಪ್ಪಾಗುವಂತೆ ಮಾಡಿದಾಗ ಗಾಜೂ ಕಪ್ಪಾಗಿಯೇ ಇದ್ದರೆ ಸರಿ. ಬೆಳ್ಳಗೆ ಹೊಳೆದರೆ, ಬಣ್ಣದ ಪಟ್ಟಿ ಕಂಡರೆ ಬಿಗುವು ಉಳಿದಿದೆ. ಗಾಜನ್ನೂ ಒಮ್ಮೆ 45 ಡಿಗ್ರಿ ತಿರುಗಿಸಿ ನೋಡಿ, ಕೆಲವು ದಿಕ್ಕಿನ ಬಿಗುವು ಮೊದಲ ನೋಟಕ್ಕೆ ಅಡಗಿಕೊಳ್ಳುತ್ತದೆ. ಕಿಟಕಿ, ಬಾಟಲಿಗಳಿಗೆ ಬಳಸುವ ಸೋಡಾ-ಸುಣ್ಣದ ಗಾಜಿನಲ್ಲಿ ಬೆಳಕು 10 ಮಿಲಿಮೀಟರ್ ದಾರಿ ಸಾಗುವಾಗ 10 ಮೆಗಾಪ್ಯಾಸ್ಕಲ್ ಬಿಗುವು ಬೆಳಕಿನ ಎರಡು ಧ್ರುವೀಕೃತ ಕಿರಣಗಳ ನಡುವೆ ಸುಮಾರು 260 ನ್ಯಾನೋಮೀಟರ್ ಹಿನ್ನಡೆ ಉಂಟುಮಾಡುತ್ತದೆ. ಕಣ್ಣಿಗೆ ಅದು ಸ್ಪಷ್ಟ ಬಿಳಿ ಹೊಳಪು.

ಬಿಗುವಿದ್ದರೆ ಅನೀಲಿಂಗ್ (ಬಿಗುವು ಕಳೆಯಲು ಬಿಸಿಯಲ್ಲಿಟ್ಟು ನಿಧಾನವಾಗಿ ತಣಿಸುವುದು) ಸರಿಯಾಗಿಲ್ಲ. ಸೋಡಾ-ಸುಣ್ಣದ ಗಾಜಿಗೆ ಅನೀಲಿಂಗ್ ಬಿಂದು 545 ಡಿಗ್ರಿಯ ಸುತ್ತಮುತ್ತ. ಅಲ್ಲಿ ಬಿಗುವು ನಿಮಿಷಗಳಲ್ಲಿ ಸಡಿಲಗೊಳ್ಳುತ್ತದೆ. ಸ್ಟ್ರೇನ್ ಬಿಂದು 510ರ ಹತ್ತಿರ, ಅಲ್ಲಿ ಗಂಟೆಗಳು ಬೇಕು. ಅದಕ್ಕಿಂತ ಕೆಳಗೆ ಎಷ್ಟು ಕಾದರೂ ಉಪಯೋಗವಿಲ್ಲ. ಆದ್ದರಿಂದ ಅತಿ ನಿಧಾನವಾಗಿ ದಾಟಬೇಕಾದದ್ದು ಈ ಎರಡರ ನಡುವಿನ ಕಿರಿದಾದ ಹಾದಿ. 'ರಾತ್ರಿಯಿಡೀ 450ರಲ್ಲಿ ಇಟ್ಟಿದ್ದೆ' ಎನ್ನುವವರನ್ನು ಕಂಡಿದ್ದೇನೆ. ಇಟ್ಟದ್ದು ನಿಜ, ಫಲ ಮಾತ್ರ ಇಲ್ಲ.

ಬಿಗುವಿಲ್ಲದೆಯೂ ಒಡೆದಿದ್ದರೆ ಒಡೆದ ಮುಖವನ್ನು ಓದಿ. ಬಿರುಕು ಹುಟ್ಟಿದ ಜಾಗದ ಸುತ್ತ ಕನ್ನಡಿಯಷ್ಟು ನುಣುಪಾದ ಅರ್ಧವೃತ್ತವಿರುತ್ತದೆ. ಅದರಾಚೆ ಮಂಜು ಕವಿದಂತಹ ಪಟ್ಟಿ, ಅದರಾಚೆ ಹೊರಕ್ಕೆ ಚಾಚಿದ ಒರಟು ಗೀರುಗಳು. ಗೀರುಗಳನ್ನು ಹಿಂದಕ್ಕೆ ಹಿಂಬಾಲಿಸಿದರೆ ಹುಟ್ಟುಸ್ಥಳ ತಲುಪುತ್ತೀರಿ. ಕನ್ನಡಿಯ ಗಾತ್ರವೇ ಒಂದು ಮಾಪಕ. ಒಡೆದಾಗಿನ ಒತ್ತಡವನ್ನು ಕನ್ನಡಿ ತ್ರಿಜ್ಯದ ವರ್ಗಮೂಲದಿಂದ ಗುಣಿಸಿದರೆ ಬರುವುದು ಸ್ಥಿರಾಂಕ, ಸೋಡಾ-ಸುಣ್ಣದ ಗಾಜಿಗೆ ಮೆಗಾಪ್ಯಾಸ್ಕಲ್ ಮತ್ತು ಮೀಟರ್‌ ಲೆಕ್ಕದಲ್ಲಿ ಸುಮಾರು 2. ತ್ರಿಜ್ಯ 1 ಮಿಲಿಮೀಟರ್ ಇದ್ದರೆ 63 ಮೆಗಾಪ್ಯಾಸ್ಕಲ್‌ನಲ್ಲಿ ಒಡೆದಿದೆ, 4 ಮಿಲಿಮೀಟರ್ ಇದ್ದರೆ ಬರೀ 32ರಲ್ಲಿ. ಕನ್ನಡಿ ದೊಡ್ಡದಾದಷ್ಟೂ ಗಾಜು ಕಡಿಮೆ ಹೊರೆಗೇ ಸೋತಿದೆ, ಅಂದರೆ ಮೇಲ್ಮೈಯಲ್ಲಿ ದೊಡ್ಡ ಗಾಯವಿತ್ತು. ಕನ್ನಡಿ ಚಿಕ್ಕದಾದರೆ ಗಾಜಿನ ತಪ್ಪಲ್ಲ, ಹೊರೆಯೇ ಅತಿಯಾಯಿತು. ಗಾಜಿನ ಬಲವನ್ನು ತೀರ್ಮಾನಿಸುವುದು ಇಂಥ ಗಾಯಗಳೇ ಎಂದು ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲೇ ತೋರಿಸಿದ್ದರು. ಆದರೂ ನಾವು ಗಾಜನ್ನು ಲೋಹದ ಚಿಮುಟದಲ್ಲಿ ಹಿಡಿಯುತ್ತಲೇ ಇದ್ದೇವೆ.

ಬಿಸಿಯಿಂದ ಒಡೆದದ್ದೋ ಪೆಟ್ಟಿನಿಂದಲೋ ಎಂಬ ಅನುಮಾನವಿದ್ದರೆ ಸಣ್ಣ ಲೆಕ್ಕ ಮಾಡಿ, ಕನ್ನಡಿ ಹೇಳಿದ ಅಂಕಿಗೆ ಹೋಲಿಸಿ. ಮೇಲ್ಮೈ ಒಡಲಿಗಿಂತ 100 ಡಿಗ್ರಿ ತಣ್ಣಗಾದರೆ ಸೋಡಾ-ಸುಣ್ಣದ ಗಾಜಿನಲ್ಲಿ ಸುಮಾರು 80 ಮೆಗಾಪ್ಯಾಸ್ಕಲ್ ಎಳೆತ ಹುಟ್ಟುತ್ತದೆ. ಪ್ರಯೋಗಾಲಯದ ಪಾತ್ರೆಗಳ ಗಾಜಾದ ಬೋರೋಸಿಲಿಕೇಟ್‌ನಲ್ಲಿ 26 ಮಾತ್ರ. ಅದರ ಹಿಗ್ಗುವಿಕೆ ಮೂರನೇ ಒಂದು ಭಾಗದಷ್ಟೇ ಇರುವುದು ಕಾರಣ.

ಕಪಾಟಿನಲ್ಲಿ ಹುಟ್ಟಿದ್ದು

ಎಲ್ಲ ಹಂತವೂ ಸುಸೂತ್ರ. ಪರೀಕ್ಷೆಯಲ್ಲೂ ಪಾಸು. ವಾರ, ತಿಂಗಳು ಕಳೆದ ಮೇಲೆ ಯಾರೂ ಮುಟ್ಟದೆ ಒಡೆದಿದೆ. ಇದರಲ್ಲಿ ಮಾಟವೇನೂ ಇಲ್ಲ, ನಾಲ್ಕು ಪರಿಚಿತ ಕಾರಣಗಳಿವೆ.

ಗಾಜಿನ ಮೇಲೆ ಸದಾ ಹೊರೆಯಿದ್ದರೆ ಗಾಳಿಯ ತೇವವು ಬಿರುಕಿನ ತುದಿಯಲ್ಲಿ ಸಿಲಿಕಾನ್-ಆಮ್ಲಜನಕದ ಬಂಧಗಳನ್ನು ಒಂದೊಂದಾಗಿ ಕಡಿಯುತ್ತದೆ. ಇವತ್ತು ತಡೆದ ಹೊರೆಯನ್ನೇ ಮುಂದಿನ ತಿಂಗಳು ತಡೆಯುವುದಿಲ್ಲ. ಹಿಡಿಕೆಯ ಸ್ಕ್ರೂ ಅತಿಯಾಗಿ ಬಿಗಿದಿದೆಯೇ ನೋಡಿ.

ಟೆಂಪರ್ ಮಾಡಿದ (ಬಿಸಿ ಮಾಡಿ ಥಟ್ಟನೆ ತಣಿಸಿ ಬಲಪಡಿಸಿದ) ಗಾಜು ತಾನಾಗಿಯೇ ಸಿಡಿದಿದ್ದರೆ ಹುಟ್ಟುಸ್ಥಳದ ಚೂರುಗಳನ್ನು ಹುಡುಕಿ. ಚಿಟ್ಟೆಯ ರೆಕ್ಕೆಯ ಹಾಗೆ ಅಂಟಿಕೊಂಡ ಎರಡು ದೊಡ್ಡ ಚೂರು, ಅವುಗಳ ನಡುಗೆರೆಯಲ್ಲಿ ಚುಕ್ಕೆಯಷ್ಟು ಕಲ್ಲು ಸಿಕ್ಕರೆ ಅದು ನಿಕಲ್ ಸಲ್ಫೈಡ್ ಇರಬಹುದು. 379 ಡಿಗ್ರಿಗಿಂತ ಮೇಲೆ ಒಂದು ರೂಪ, ಕೆಳಗೆ ಇನ್ನೊಂದು. ಟೆಂಪರಿಂಗ್‌ನ ಅವಸರದ ತಣಿವಿನಲ್ಲಿ ಬದಲಾಗಲು ಹೊತ್ತು ಸಿಗದೆ, ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಬದಲಾಗಿ ಹಿಗ್ಗುತ್ತದೆ.

ಇಟ್ರಿಯಾ ಬೆರೆಸಿದ ಜಿರ್ಕೋನಿಯಾಕ್ಕೂ ನೀರೇ ಶತ್ರು. ತೇವದಲ್ಲಿ ಮೇಲ್ಮೈಯಿಂದ ಒಳಕ್ಕೆ ಮೊನೊಕ್ಲಿನಿಕ್ ರೂಪ ಹರಡುತ್ತಾ ಹೋಗುತ್ತದೆ. ವರ್ಷಗಟ್ಟಲೆ ಕಾಯುವ ಬದಲು 134 ಡಿಗ್ರಿಯ ಉಗಿಯಲ್ಲಿ 5 ಗಂಟೆ ಆಟೋಕ್ಲೇವ್ ಮಾಡಿ (ಒತ್ತಡದ ಉಗಿಪಾತ್ರೆಯಲ್ಲಿಟ್ಟು), ಮುಂಚೆ ಮತ್ತು ಆಮೇಲೆ ಎಕ್ಸ್-ರೇ ಡಿಫ್ರಾಕ್ಷನ್ ಹೋಲಿಸಿ. ದೇಹದೊಳಗೆ ಕೂರಿಸುವ ಜಿರ್ಕೋನಿಯಾಕ್ಕೆ ಅಂತರರಾಷ್ಟ್ರೀಯ ಮಾನಕ ಕೇಳುವುದೂ ಇದೇ ಪರೀಕ್ಷೆಯನ್ನು.

ಕೊನೆಯದು ಮೆರುಗಿನ ಜಾಲಬಿರುಕು. ಮೆರುಗು ಒಡಲಿಗಿಂತ ಹೆಚ್ಚು ಕುಗ್ಗಿದರೆ ಎಳೆತಕ್ಕೆ ಸಿಕ್ಕಿ ಬಲೆಯಂತೆ ಬಿರಿಯುತ್ತದೆ. ತೀರ ಕಡಿಮೆ ಕುಗ್ಗಿದರೆ ಅಂಚುಗಳಲ್ಲಿ ಸಿಪ್ಪೆ ಎದ್ದು ಉದುರುತ್ತದೆ. ಎರಡರ ಔಷಧವೂ ವಿರುದ್ಧ ದಿಕ್ಕಿನದು, ಅದಲುಬದಲಾದರೆ ಕೆಲಸ ಕೆಟ್ಟಿತು. ಜಾಲಬಿರುಕಿಗೆ ಮೆರುಗಿನಲ್ಲಿ ಸಿಲಿಕಾ ಹೆಚ್ಚಿಸಿ, ಸೋಡಾ ಮತ್ತು ಪೊಟಾಷ್ ತಗ್ಗಿಸಿ, ಬೇಕಾದರೆ ಸ್ವಲ್ಪ ಬೋರಾನ್ ಸೇರಿಸಿ. ಸಿಪ್ಪೆ ಏಳುತ್ತಿದ್ದರೆ ಇದರ ತದ್ವಿರುದ್ಧ. ಕುಲುಮೆಯಿಂದ ತೆಗೆದ ದಿನ ಬಿರುಕಿಲ್ಲ ಎಂದ ಮಾತ್ರಕ್ಕೆ ಮೆರುಗು ಒಪ್ಪಿತು ಎಂದು ಬರೆದುಬಿಡಬೇಡಿ. ರಂಧ್ರಗಳಿರುವ ಒಡಲು ಗಾಳಿಯ ತೇವ ಹೀರಿ ತಿಂಗಳುಗಟ್ಟಲೆ ಕೂದಲೆಳೆಯಷ್ಟು ಹಿಗ್ಗುತ್ತಲೇ ಇರುತ್ತದೆ, ಮೆರುಗು ಹಿಗ್ಗುವುದಿಲ್ಲ. ಒಂದು ತುಂಡನ್ನು ಉಗಿಯಲ್ಲಿ ಆಟೋಕ್ಲೇವ್ ಮಾಡಿ, ಶಾಯಿ ಸವರಿ ಒರೆಸಿ ನೋಡಿ. ಇನ್ನೊಂದನ್ನು ಏನೂ ಮಾಡದೆ, ತೆಗೆದ ತಾರೀಖು ಬರೆದು ಮೇಜಿನ ಮೇಲೆ ಬಿಡಿ. ನಾನು ಹಾಗೆ ಬಿಟ್ಟ ಒಂದು ತುಂಡು ಎಪ್ಪತ್ತನೆಯ ದಿನ, ಕೋಣೆ ನಿಶ್ಶಬ್ದವಾಗಿದ್ದ ಹೊತ್ತಿನಲ್ಲಿ, 'ಟಿಣ್' ಎಂದಿತು. ಶಾಯಿ ಸವರಿದಾಗ ಮೂಲೆಯಲ್ಲಿ ಒಂದೇ ಒಂದು ಗೆರೆ ಮೂಡಿತು. ಆ ಮೆರುಗಿನ ಮುಂದೆ ಬರೆದಿದ್ದ 'ಸರಿ' ಎಂಬುದನ್ನು ಅಂದೇ ಹೊಡೆದುಹಾಕಿದೆ.